ಮರದ ಹಡಗಿನ ಮೇಸ್ತ್ರಿ

ವಿದ್ಯಾಲಯವೊಂದರ ಹಳೆಯ ವಿದ್ಯಾರ್ಥಿಗಳು ತಮ್ಮೊಳಗಿನ ಸಾಧಕನೊಬ್ಬನಿಗೆ ಪ್ರಶಸ್ತಿಯಿತ್ತು ಗೌರವಿಸುವುದು ಅಪೂರ್ವವಾದ ಸಂಗತಿಯೇನಲ್ಲ. ಅಮೆರಿಕದ ಲಾಂಗ್ ಐಲೆಂಡಿನ ಕಡಲ ತಡಿಯಲ್ಲಿ, ಗ್ಲೆನ್ ಕೋವ್ ಎಂಬಲ್ಲಿ, ನೌಕಾಶಿಲ್ಪವನ್ನು ಕಲಿಸುವ ಒಂದು ಪುಟ್ಟ ಕಾಲೇಜಿದೆ. ವೆಬ್ ಇನ್‌ಸ್ಟಿಟ್ಯೂಟ್ ಎಂದು ಅದರ ಹೆಸರು. ಅಲ್ಲಿ ಕಲಿತವರೂ ವಿಲಿಯಂ ಸೆಲ್‌ಕರ್ಕ್ ಓವೆನ್ ಎಂಬವರ ಹೆಸರಿನಲ್ಲಿ ಇಂಥದೊಂದು ಪ್ರಶಸ್ತಿಯನ್ನು ಕೊಡುತ್ತಾರೆ. ಅದರ ವಿಚಾರವನ್ನು ಓದುತ್ತಿದ್ದಾಗ ನನ್ನ ಮನಸ್ಸು ಪ್ರಶಸ್ತಿ ಪಡೆದವರ ಕಡೆಗೆ ಹೋಗಲಿಲ್ಲ. ಆ ಕಾಲೇಜನ್ನು ಕಟ್ಟಿದ ಮೇಸ್ತ್ರಿಯ ಕಡೆಗೆ ಹರಿಯಿತು. ಬಹುಕಾಲ ಮಾಸ್ತರಿಕೆ ಮಾಡಿದ ನನಗೆ, ಕೈಗೆಲಸದಿಂದಲೇ ವಿದ್ಯೆ ಪಡೆದವನೊಬ್ಬ ತರಗತಿಯ ಕೋಣೆಯನ್ನು ನಂಬಿದುದು ವಿಸ್ಮಯವಾಗಿ ತೋರಿತು.

ವಿಲಿಯಂ ಹೆನ್ರಿ ವೆಬ್ ಹುಟ್ಟಿದ್ದು 1816ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಐಸಾಕ್ ವೆಬ್ ಈಸ್ಟ್ ನದಿಯ ದಂಡೆಯಲ್ಲಿ ಹಡಗು ಕಟ್ಟುವ ಕಾರ್ಖಾನೆಯನ್ನಿಟ್ಟಿದ್ದ ಹೆಸರಾಂತ ಕುಶಲಿ. ಮುಂದೆ ಜಗತ್ಪ್ರಸಿದ್ಧನಾದ ಡೊನಾಲ್ಡ್ ಮೆಕೇ ಕೂಡ ಅಲ್ಲಿಯೇ ಉಳಿ ಹಿಡಿಯಲು ಕಲಿತವನು. ಮಗನು ಈ ಕಸುಬಿಗೆ ಇಳಿಯುವುದು ತಂದೆಗೆ ಇಷ್ಟವಿರಲಿಲ್ಲ. ಹುಡುಗನೋ ಹಟಮಾರಿ, ತಂದೆಯ ಮಾತನ್ನು ಮೀರಿ ಹದಿವಯಸ್ಸಿನಲ್ಲಿಯೇ ಶಿಷ್ಯವೃತ್ತಿಗೆ ಸೇರಿಕೊಂಡನು.

ಆ ಕಾಲದ ಕಲಿಕೆ ಎಂಥದೆಂಬುದನ್ನು ಹೇಳದಿದ್ದರೆ ಮುಂದಿನ ಕಥೆ ತಿಳಿಯದು. ಮೇಸ್ತ್ರಿಯು ಮೊದಲು ಹಡಗಿನ ಅರ್ಧ ಮೈಯನ್ನು ಮರದ ತುಂಡಿನಲ್ಲಿ ಕೆತ್ತುತ್ತಿದ್ದನು. ಉಬ್ಬು ತಗ್ಗುಗಳನ್ನು ಅಂಗೈಯಿಂದ ಸವರಿ, ಕಣ್ಣಿಗೆ ಒಪ್ಪುವವರೆಗೆ ತಿದ್ದುತ್ತಿದ್ದನು. ಅದರ ಹಲಗೆಗಳನ್ನು ಪದರ ಪದರವಾಗಿ ಬಿಡಿಸಿ, ಅಳತೆ ತೆಗೆದು, ವಿಶಾಲವಾದ ಅಟ್ಟದ ನೆಲದ ಮೇಲೆ ಪೂರ್ಣಗಾತ್ರದಲ್ಲಿ ಗೆರೆಯೆಳೆದರೆ ಹಡಗಿನ ಪಕ್ಕೆಲುಬುಗಳಿಗೆ ಅಚ್ಚು ಸಿದ್ಧವಾಗುತ್ತಿತ್ತು. ಇದೆಲ್ಲ ಪುಸ್ತಕದಲ್ಲಿ ಇರಲಿಲ್ಲ, ಗುರುವಿನ ಕೈಯಲ್ಲಿತ್ತು. ಕೈ ತಣ್ಣಗಾದರೆ ವಿದ್ಯೆಯೂ ಹೋಯಿತು.

1840ರಲ್ಲಿ ವೆಬ್ಬನು ಸ್ಕಾಟ್ಲೆಂಡಿನ ಕಾರ್ಖಾನೆಗಳನ್ನು ನೋಡಲೆಂದು ಯುರೋಪಿಗೆ ಹೋಗಿದ್ದಾಗ ತಂದೆ ತೀರಿಕೊಂಡನು. ಮರಳಿ ಬಂದವನ ಕೈಗೆ ದೊಡ್ಡ ಹೆಸರೂ ಅದರ ಹಿಂದೆ ಅಡಗಿದ್ದ ದೊಡ್ಡ ಸಾಲವೂ ಒಟ್ಟಿಗೆ ಬಂದವು. ಅವನಿಗಾಗ ಇಪ್ಪತ್ತನಾಲ್ಕು ವರ್ಷ. ಸಾಲ ತೀರಿಸಿದನು, ಮೂರು ವರ್ಷಗಳಲ್ಲಿ ಪಾಲುದಾರನ ಭಾಗವನ್ನೂ ಕೊಂಡನು. ಅಲ್ಲಿಂದ ಮುಂದೆ ಸುಮಾರು ಮೂರು ದಶಕಗಳಲ್ಲಿ ಅವನ ಅಂಗಳದಿಂದ ನೀರಿಗಿಳಿದ ಹಡಗುಗಳು ನೂರಮೂವತ್ತಕ್ಕೂ ಹೆಚ್ಚು. ಚಿನ್ನದ ಹುಚ್ಚಿನ ದಿನಗಳಲ್ಲಿ, 1849ರ ಫೆಬ್ರವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ ಕ್ಯಾಲಿಫೋರ್ನಿಯಾ ಎಂಬ ಉಗಿಹಡಗು ಅವನದು. ಅವನ ಕಾಮೆಟ್ ಎಂಬ ಹಾಯಿಹಡಗು 1854ರಲ್ಲಿ ಅಲ್ಲಿಂದ ನ್ಯೂಯಾರ್ಕಿಗೆ ಕೇವಲ 76 ದಿನಗಳಲ್ಲಿ ಬಂದಿತು.

ಆದರೆ ವೇಗಕ್ಕೆ ಬೆಲೆಯುಂಟು. 1851ರಲ್ಲಿ ಕಟ್ಟಿದ ಚಾಲೆಂಜ್ ಎಂಬ ಕ್ಲಿಪರ್ ಹಡಗನ್ನು ನೋಡಲು ಊರೇ ಸೇರಿತ್ತಂತೆ. ತೊಂಬತ್ತು ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿಸಬೇಕೆಂಬ ಆಸೆಯಿಂದ ಹೊರಟ ಕಪ್ತಾನ ವಾಟರ್‌ಮನ್ನನಿಗೆ ದೊರೆತದ್ದು ಪಳಗದ ನಾವಿಕರ ಗುಂಪು. ಹೊಡೆತ, ಬಡಿತ, ದಂಗೆ, ರೋಗ. ಕೇಪ್ ಹಾರ್ನಿನ ಬಿರುಗಾಳಿಯಲ್ಲಿ ಪಟದ ಮರದಿಂದ ಬಿದ್ದು ಸತ್ತವರೂ ಉಂಟು. ಹಡಗು ಸೇರಿದ್ದು 108ನೆಯ ದಿನ. ದಡದಲ್ಲಿ ಕಪ್ತಾನನನ್ನು ಹಿಡಿದು ಕೊಲ್ಲಲು ಜನ ಕಾದಿದ್ದರು. ಇದರಲ್ಲಿ ವೆಬ್ಬನ ತಪ್ಪೇನೂ ಇಲ್ಲ. ಆದರೂ ಆ ಚೆಲುವಾದ ಹಡಗನ್ನು ನೆನೆದಾಗಲೆಲ್ಲ ಅದರ ಮೇಲಿದ್ದ ಆ ಮನುಷ್ಯರನ್ನು ಮರೆಯುವುದು ನನ್ನಿಂದಾಗದು.

ಅವನ ಕೀರ್ತಿಯನ್ನು ಮುಗಿಸಿದ್ದು ಕಬ್ಬಿಣ. ರಷ್ಯಕ್ಕೂ ಇಟಲಿಗೂ ಅವನು ಯುದ್ಧನೌಕೆಗಳನ್ನು ಕಟ್ಟಿಕೊಟ್ಟನು. ಅವುಗಳಲ್ಲೊಂದಾದ ರೇ ದಿತಾಲಿಯ 1866ರಲ್ಲಿ ಲಿಸ್ಸಾ ಕಾಳಗದಲ್ಲಿ ಶತ್ರುನೌಕೆಯ ಮೂತಿಯ ಪೆಟ್ಟಿಗೆ ಸಿಕ್ಕಿ ಕ್ಷಣಮಾತ್ರದಲ್ಲಿ ಮುಳುಗಿತು. ತನ್ನ ದೇಶದ ಅಂತರ್ಯುದ್ಧಕ್ಕೆಂದು ಕೈಕೊಂಡ ಡಂಡರ್‌ಬರ್ಗ್, ಮರದ ಮೈಗೆ ಕಬ್ಬಿಣದ ಕವಚ ತೊಡಿಸಿದ 377 ಅಡಿಗಳ ದೈತ್ಯ, ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಸರ್ಕಾರದ ಹಣವನ್ನು ಹಿಂದಿರುಗಿಸಿ, 1867ರಲ್ಲಿ ಅದನ್ನು ಫ್ರಾನ್ಸಿಗೆ ಮಾರಬೇಕಾಯಿತು. ಎರಡು ವರ್ಷಗಳಲ್ಲಿ ಅವನ ಅಂಗಳದಲ್ಲಿ ಕೊಡಲಿಯ ಸದ್ದು ನಿಂತಿತು. ಕಬ್ಬಿಣದ ವಿದ್ಯೆಯನ್ನು ಕಲಿಯಲು ಅವನು ಏಕೆ ಮನಸ್ಸು ಮಾಡಲಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ಐವತ್ತು ದಾಟಿದವನಿಗೆ, ಅಂಗೈಯಿಂದ ಮರವನ್ನು ಅರಿತವನಿಗೆ, ಅದು ಅಷ್ಟು ಸುಲಭವಾಗಿತ್ತೆಂದು ನನಗೆ ತೋರುವುದಿಲ್ಲ.

ಆಮೇಲೆ ಬಹುವರ್ಷ ಅವನು ನಗರದ ಆಡಳಿತದ ಭ್ರಷ್ಟತೆಯ ವಿರುದ್ಧ ಹೋರಾಡಿದನು. ಮೇಯರ್ ಪದವಿಗೆ ನಿಲ್ಲೆಂದು ಕೇಳಿಕೊಂಡವರಿಗೆ ಒಲ್ಲೆನೆಂದನು.

ಆದರೆ ಮನಸ್ಸಿನಲ್ಲಿ ಎರಡು ಚಿಂತೆಗಳು ಉಳಿದಿದ್ದವು. ತನ್ನೊಡನೆ ದುಡಿದು ಮುದುಕರಾದ, ಈಗ ಕೆಲಸವಿಲ್ಲದ ಬಡಗಿಗಳ ಗತಿಯೇನು? ಕಾರ್ಖಾನೆಗಳು ಮುಚ್ಚಿದ ಮೇಲೆ ಹುಡುಗರು ಈ ವಿದ್ಯೆಯನ್ನು ಕಲಿಯುವುದೆಲ್ಲಿ? ಈ ಎರಡಕ್ಕೂ ಅವನು ಒಂದೇ ಕಟ್ಟಡದಲ್ಲಿ ಉತ್ತರ ಕಂಡನು. 1889ರಲ್ಲಿ ಸ್ಥಾಪಿತವಾಗಿ 1894ರಲ್ಲಿ ಬಾಗಿಲು ತೆರೆದ ಆ ಸಂಸ್ಥೆಗೆ ಅವನಿಟ್ಟ ಹೆಸರೇ ಹಡಗು ಕಟ್ಟುವವರ ವಿದ್ಯಾಲಯ ಮತ್ತು ಆಶ್ರಯಧಾಮ. ಹಾರ್ಲೆಂ ನದಿಯ ಮೇಲಣ ಫೋರ್ಡಾಮ್ ಗುಡ್ಡದ ಆ ಮನೆಯಲ್ಲಿ ಒಂದೆಡೆ ಗಣಿತ ಕಲಿಯುವ ಹುಡುಗರು, ಇನ್ನೊಂದೆಡೆ ಬೆರಳು ಬಾಗಿದ ವೃದ್ಧರು. ಹುಡುಗರಿಂದ ಶುಲ್ಕವಿಲ್ಲ, ವೃದ್ಧರಿಂದ ಬಾಡಿಗೆಯಿಲ್ಲ. ಹುಡುಗರು ಕಲಿತದ್ದು ಉಕ್ಕಿನ ಹಡಗುಗಳ ಲೆಕ್ಕ, ಎಂದರೆ ಆ ವೃದ್ಧರ ಕಸುಬನ್ನು ಕಸಿದ ವಿದ್ಯೆ. ವೆಬ್ಬನು ಇದನ್ನು ಅರಿಯದವನಲ್ಲ. ಅರಿತೇ ತನ್ನ ಸಂಪತ್ತನ್ನು ಅದಕ್ಕೆ ಸುರಿದನು.

1895ರಲ್ಲಿ ತಾನು ಕಟ್ಟಿದ ಮರದ ಹಡಗುಗಳ ನಕ್ಷೆಗಳನ್ನೆಲ್ಲ ಅಚ್ಚುಹಾಕಿಸಿದನು. ಕೈಯಲ್ಲಿದ್ದುದು ಕಡೆಗೂ ಕಾಗದಕ್ಕೆ ಬಂದಿತು. ಅಷ್ಟರೊಳಗೆ ಅವನ ಯಂಗ್ ಅಮೆರಿಕ, 1853ರ ಆ ಸುಂದರ ಹಾಯಿಹಡಗು, ಹೆಸರನ್ನೂ ಬಾವುಟವನ್ನೂ ಬದಲಿಸಿಕೊಂಡು 1886ರಲ್ಲಿ ಅಟ್ಲಾಂಟಿಕ್ಕಿನಲ್ಲಿ ಕಾಣೆಯಾಗಿತ್ತು.

1899ರ ಅಕ್ಟೋಬರ್ 30ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ವೆಬ್ಬನು ತೀರಿಕೊಂಡನು. ಶಾಲೆಯು 1947ರಲ್ಲಿ ಗುಡ್ಡದ ಮನೆಯನ್ನು ಬಿಟ್ಟು ಗ್ಲೆನ್ ಕೋವಿನ ಕಡಲ ತಡಿಗೆ ಹೋಯಿತು.