ರೈತಬಂಧು ರೈಫೈಸನ್

ಜರ್ಮನಿಯ ರೈನ್ ನದಿಯ ಪೂರ್ವದಿಕ್ಕಿನಲ್ಲಿ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಪ್ರದೇಶವಿರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ರೈತರ ಬಾಳು ಬಲು ದುಸ್ತರವಾಗಿದ್ದಿತು. ಚಳಿಗಾಲ ದೀರ್ಘ, ನೆಲ ಬಡಕಲು, ಹಿಡುವಳಿ ಅತ್ಯಲ್ಪ. ಬೆಳೆ ಕೈಕೊಟ್ಟ ವರ್ಷ ಬಡ್ಡಿ ವ್ಯಾಪಾರಿಯ ಬಾಗಿಲಲ್ಲದೆ ಬೇರೆ ಗತಿಯಿರಲಿಲ್ಲ. ಸಾಲದಿಂದ ಕೊಂಡ ಹಸುವು ಸಾಲಕ್ಕಾಗಿಯೇ ಕೊಟ್ಟಿಗೆಯಿಂದ ಹೊರಟುಹೋಗುತ್ತಿತ್ತು. ಅದರ ಹಿಂದೆ ಹೊಲವೂ ಹೋಗುತ್ತಿತ್ತು.

ಆ ಸೀಮೆಯ ಹಾಮ್ ಎಂಬ ಊರಿನಲ್ಲಿ 1818ನೆಯ ಇಸವಿ ಮಾರ್ಚ್ 30ರಂದು ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಜನಿಸಿದನು. ಒಂಬತ್ತು ಮಕ್ಕಳಲ್ಲಿ ಆತನು ಏಳನೆಯವನು. ಬಾಲ್ಯದಲ್ಲಿಯೇ ತಂದೆಯ ಆಸರೆ ತಪ್ಪಿತು. ದೈವಭಕ್ತಳಾದ ತಾಯಿಯೂ ಊರಿನ ಪಾದ್ರಿಯೂ ಆತನಿಗೆ ವಿದ್ಯೆಯನ್ನೂ ಶೀಲವನ್ನೂ ಕಲಿಸಿದರು. ಹದಿನೇಳನೆಯ ವಯಸ್ಸಿನಲ್ಲಿ ಸೈನ್ಯವನ್ನು ಸೇರಿದ ಆತನು ಕಣ್ಣಿನ ಬೇನೆಯಿಂದಾಗಿ 1843ರಲ್ಲಿ ಅದನ್ನು ಬಿಡಬೇಕಾಯಿತು. 1845ರಲ್ಲಿ ವೇಯರ್‌ಬುಷ್ ಎಂಬ ಹಳ್ಳಿಗಳ ಗುಂಪಿಗೆ ಮೇಯರನಾಗಿ ನಿಯುಕ್ತನಾದನು.

ಮರುವರ್ಷವೇ ಕ್ಷಾಮವು ತಲೆದೋರಿತು. ಆಲೂಗಡ್ಡೆಗೆ ರೋಗ ತಗುಲಿತು, ಧಾನ್ಯವೂ ಕೆಟ್ಟಿತು. ಸರಕಾರವು ಹಿಟ್ಟನ್ನು ಕಳುಹಿಸಿತಾದರೂ ನಗದು ಕೊಟ್ಟವರಿಗೆ ಮಾತ್ರ ಮಾರಬೇಕೆಂದು ಆಜ್ಞೆ ಮಾಡಿತು. ಹಸಿದವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ರೈಫೈಸನ್ನನು ಆಜ್ಞೆಯನ್ನು ಮೀರಿ, ಬಡವರಿಗೆ ಹಿಟ್ಟನ್ನು ಕಡವಾಗಿ ಹಂಚಿದನು. ಉಳ್ಳವರಿಂದ ಹಣ ಕೂಡಿಸಿ, ಊರೊಟ್ಟಿನ ಒಲೆಯನ್ನು ಕಟ್ಟಿಸಿ, ಅಗ್ಗದ ಬೆಲೆಗೆ ರೊಟ್ಟಿ ದೊರೆಯುವಂತೆ ಮಾಡಿದನು. 1847ರ ವಸಂತದಲ್ಲಿ ಬಿತ್ತನೆಯ ಆಲೂಗಡ್ಡೆಯನ್ನೂ ತರಿಸಿಕೊಟ್ಟನು.

ಹಸಿವು ಒಂದು ವರ್ಷದ್ದು, ಸಾಲವಾದರೋ ತಲೆಮಾರುಗಳದ್ದು ಎಂಬುದನ್ನು ಆತನು ಬೇಗನೆ ಕಂಡುಕೊಂಡನು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ ಸ್ಥಿತಿವಂತರ ಸಂಘವೊಂದನ್ನು ಕಟ್ಟಿದನು. ಅವರ ಜಾಮೀನಿನ ಮೇಲೆ ಹಣ ತಂದು ಬಡ ರೈತರಿಗೆ ದನಗಳನ್ನು ಕೊಡಿಸಿ, ಐದು ವರ್ಷಗಳ ಕಂತಿನಲ್ಲಿ ತೀರಿಸಿಕೊಳ್ಳುವ ಏರ್ಪಾಡು ಅದು. 1854ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಇನ್ನೊಂದು ಸಂಘವು ಹುಟ್ಟಿತು. ಅದು ಅನಾಥ ಮಕ್ಕಳ ಪಾಲನೆಯನ್ನೂ ಕೈಕೊಂಡಿತು.

ಆದರೆ ಕಾಲಕ್ರಮದಲ್ಲಿ ಸಿರಿವಂತರ ಉತ್ಸಾಹವು ಬತ್ತತೊಡಗಿತು. ತಮಗೆ ಪ್ರಯೋಜನವಿಲ್ಲದ ಸಂಘಕ್ಕೆ ವರ್ಷಾನುವರ್ಷ ಹೊಣೆ ಹೊರಲು ಅವರು ಬೇಸತ್ತರು. ಉಳ್ಳವರ ಧರ್ಮಬುದ್ಧಿಯೇ ಬಡವರನ್ನು ಎತ್ತಬಲ್ಲದೆಂದು ಬಹುಕಾಲ ನಂಬಿದ್ದ ರೈಫೈಸನ್ನನಿಗೆ ಇದೊಂದು ಕಠಿಣವಾದ ಪಾಠವಾಯಿತು. ತನ್ನ ನಂಬಿಕೆಯನ್ನು ಬಿಡಲು ಆತನಿಗೆ ಸುಲಭವಾಗಲಿಲ್ಲ; ಆದರೂ ಬಿಟ್ಟನು. 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಸಂಘವು ಸಾಲದ ಸಂಘವಾಗಿ ಮಾರ್ಪಟ್ಟಿತು. ಇನ್ನು ಮೇಲೆ ಸಾಲ ಬೇಕಾದವನೇ ಸದಸ್ಯನಾಗಬೇಕು. ಸದಸ್ಯರೆಲ್ಲರೂ ಒಬ್ಬರಿಗೊಬ್ಬರು ಹೊಣೆಯಾಗಬೇಕು.

ಈ ಪರಸ್ಪರ ಹೊಣೆಯಲ್ಲಿಯೇ ಆತನ ವ್ಯವಸ್ಥೆಯ ಜೀವಾಳವಿದ್ದಿತು. ಒಬ್ಬೊಬ್ಬ ರೈತನ ತುಂಡು ಹೊಲವನ್ನು ನಂಬಿ ಯಾರೂ ಹಣ ಕೊಡರು. ಊರೇ ಒಟ್ಟಾಗಿ ಮಾತು ಕೊಟ್ಟರೆ ಹಣವು ತಾನಾಗಿ ಬರುವುದು. ಒಬ್ಬನು ತಪ್ಪಿದರೆ ಎಲ್ಲರ ಆಸ್ತಿಗೂ ಕುತ್ತು. ಆದುದರಿಂದ ಕೇಳಿದವನ ನಡತೆಯೇನು, ಹಣವು ಹೊಲಕ್ಕೋ ಜೂಜಿಗೋ ಎಂಬುದನ್ನು ನೆರೆಯವರೇ ವಿಚಾರಿಸುತ್ತಿದ್ದರು. ಸಂಘದ ವ್ಯಾಪ್ತಿಯು ಪರಸ್ಪರ ಪರಿಚಯವಿರುವಷ್ಟಕ್ಕೇ ಸೀಮಿತವಾಗಿದ್ದಿತು. ಲೆಕ್ಕಿಗನೊಬ್ಬನ ಹೊರತು ಕಾರ್ಯಕರ್ತರಿಗೆ ಸಂಬಳವಿರಲಿಲ್ಲ. ಲಾಭವನ್ನು ಹಂಚಿಕೊಳ್ಳದೆ, ಯಾರೂ ಪಾಲು ಕೇಳಲಾಗದ ಸಾಮಾನ್ಯ ನಿಧಿಯಲ್ಲಿ ಇಡುತ್ತಿದ್ದರು. ಮರುಪಾವತಿಯ ಅವಧಿಯು ಬೆಳೆಯ ಗತಿಗೆ ಹೊಂದಿಕೊಂಡಿರುತ್ತಿತ್ತು.

ಈ ನಡುವೆ ಆತನ ಸ್ವಂತ ಬದುಕು ದುಃಖಮಯವಾಗಿದ್ದಿತು. 1863ರಲ್ಲಿ ಪತ್ನಿಯು ತೀರಿಕೊಂಡಳು. ಅನಾರೋಗ್ಯದ ಕಾರಣ 1865ರಲ್ಲಿ ಅಧಿಕಾರವನ್ನು ಬಿಡಬೇಕಾಯಿತು. ದೃಷ್ಟಿಯು ಮಂದವಾಗುತ್ತ ಬಂದಿತು. ಹಿರಿಯ ಮಗಳು ಅಮಾಲಿಯೇ ಆತನ ಕಣ್ಣಾದಳು. ಆತನು ಹೇಳಿದ್ದನ್ನು ಅವಳು ಬರೆದಳು. 1866ರಲ್ಲಿ ಸಾಲದ ಸಂಘಗಳನ್ನು ಕುರಿತ ಆತನ ಗ್ರಂಥವು ಪ್ರಕಟವಾಗಿ ನಾಡಿನಾಚೆಗೂ ಪ್ರಸಿದ್ಧಿ ಪಡೆಯಿತು. ಹೊಟ್ಟೆಪಾಡಿಗಾಗಿ ದ್ರಾಕ್ಷಾರಸದ ವ್ಯಾಪಾರ ಮಾಡುತ್ತಲೇ, ಸಂಘಗಳ ನಡುವೆ ಹಣವನ್ನು ಹೊಂದಿಸುವ ಕೇಂದ್ರ ಬ್ಯಾಂಕುಗಳನ್ನು ಸ್ಥಾಪಿಸಿದನು. 1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ಆತನು ಕಾಲವಾದನು.

ಆತನು ಹಚ್ಚಿದ ದೀಪವು ನಮ್ಮ ನಾಡನ್ನೂ ಬೆಳಗಿತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟಿದ್ದರು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನನು ಯುರೋಪಿನ ಸಂಘಗಳನ್ನು ಅಭ್ಯಸಿಸಿ, ರೈಫೈಸನ್ನನ ಮಾರ್ಗವೇ ಭಾರತಕ್ಕೆ ತಕ್ಕುದೆಂದು ವರದಿಯಿತ್ತನು. 1904ರಲ್ಲಿ ಸಹಕಾರಿ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯ ಮೇರೆಗೆ ಮೊದಮೊದಲು ಹುಟ್ಟಿದ ಸಂಘಗಳಲ್ಲಿ ಅದೂ ಒಂದು.

ಬಡವನಿಗೆ ಇರುವ ದೊಡ್ಡ ಆಸ್ತಿಯೆಂದರೆ ನೆರೆಯವನು ಅವನಲ್ಲಿ ಇಡುವ ವಿಶ್ವಾಸ. ಅದನ್ನು ಬಿತ್ತನೆಯ ಬೀಜವನ್ನಾಗಿಯೂ ಉಳುವ ಎತ್ತನ್ನಾಗಿಯೂ ಮಾರ್ಪಡಿಸುವ ಬಗೆಯನ್ನು, ಕಣ್ಣು ಮಂದವಾದ ಈ ಹಳ್ಳಿಯ ಅಧಿಕಾರಿಯು ಲೋಕಕ್ಕೆ ತೋರಿಸಿಕೊಟ್ಟನು. ಊರಿನ ಸಂಘದಲ್ಲಿ ತಂದ ಸಾಲವನ್ನು ಕಾಲಕ್ಕೆ ಸರಿಯಾಗಿ ತೀರಿಸುವ ರೈತನು ಮುಂದೆ ಬರುವ ನೆರೆಯವನಿಗೂ ಅನ್ನದ ದಾರಿಯನ್ನು ತೆರೆದಿಡುತ್ತಾನೆ.