ಕೊಳೆರೋಗಕ್ಕೆ ಮದ್ದು ತಂದ ಕೋಲ್ಮನ್

ಆರಿದ್ರಾ ಮಳೆ ಹಿಡಿದು ಸುರಿಯತೊಡಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಕಣ್ಣು ಅಡಕೆಯ ಕೊನೆಗಳ ಮೇಲೆಯೇ ನೆಟ್ಟಿರುತ್ತದೆ. ಎಳೆಗಾಯಿಯ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಲೆಯೊಂದು ಮೂಡಿ, ಅದು ಕಾಯಿಯನ್ನೆಲ್ಲ ವ್ಯಾಪಿಸಿ, ಅದರ ಮೇಲೆ ಬಿಳಿಯ ಬೂಸಲು ಬೆಳೆದು, ಕೆಲವೇ ದಿನಗಳಲ್ಲಿ ಕಾಯಿ ಮರದ ಬುಡಕ್ಕೆ ಉದುರುತ್ತದೆ. ವರ್ಷದ ಅನ್ನ, ಮಕ್ಕಳ ವಿದ್ಯೆ, ಮನೆಯ ಸಾಲ ಎಲ್ಲವೂ ಆ ಕೊನೆಗಳನ್ನೇ ನಂಬಿ ನಿಂತಿರುವ ಮನೆಗೆ ಇದು ಎಂಥ ಪೆಟ್ಟೆಂಬುದನ್ನು ಮಲೆನಾಡಿಗರಿಗೆ ಹೇಳಬೇಕಾಗಿಲ್ಲ. ಈ ಕೊಳೆರೋಗದ ಮೂಲವನ್ನು ಶಾಸ್ತ್ರೀಯವಾಗಿ ಶೋಧಿಸಿ, ರೈತನ ಕೈಗೆಟಕುವ ಮದ್ದನ್ನು ತೋರಿಸಿಕೊಟ್ಟವರು ಸಾಗರದಾಚೆಯಿಂದ ಬಂದ ಒಬ್ಬ ವಿದ್ವಾಂಸರು. ಅವರೇ ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸರ್ಕಾರ ಅವರನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗಿನ್ನೂ ಮೂವತ್ತರ ಹರೆಯ. ಜೋಳದ ಬೆಳೆಯನ್ನು ತಿಂದು ಹಾಕುತ್ತಿದ್ದ ದಖನ್ನಿನ ಮಿಡತೆಯೊಂದಕ್ಕೆ ವಿಜ್ಞಾನಿಗಳು ಕೋಲ್ಮನ್ನರ ಹೆಸರನ್ನೇ ಇಟ್ಟರು. ಆ ಕುಲವು ಇಂದಿಗೂ ‘ಕೋಲ್ಮೇನಿಯ’ ಎಂದೇ ಪ್ರಸಿದ್ಧ.

ಆದರೆ ಅವರ ಕೀರ್ತಿ ಮಲೆನಾಡಿನಲ್ಲಿ ನೆಲೆಯೂರಿದ್ದು ಅಡಕೆಯಿಂದ. ಅಲ್ಲಿಯವರೆಗೆ ತೋಟಿಗರು ಕೊಳೆಯನ್ನು ತಡೆಯುತ್ತಿದ್ದುದು ಕೊಟ್ಟೆ ಕಟ್ಟಿ. ಹಾಳೆಯಿಂದಲೋ ಕರಡದಿಂದಲೋ ಹೆಣೆದ ಕೊಟ್ಟೆಯನ್ನು ಪ್ರತಿ ಕೊನೆಗೂ ತೊಡಿಸಿ, ಮಳೆಯ ನೀರು ಕಾಯಿಗೆ ತಾಗದಂತೆ ಮಾಡುವುದು ಅವರ ಉಪಾಯ. ಶ್ರಮ ಬಹಳವಾದರೂ ಆ ಪದ್ಧತಿಯಲ್ಲಿ ಒಂದು ಸತ್ಯವಡಗಿತ್ತು: ನೀರಿಲ್ಲದೆ ಕೊಳೆಯಿಲ್ಲ. ಕೋಲ್ಮನ್ನರ ಸೂಕ್ಷ್ಮದರ್ಶಕ ಹೇಳಿದ್ದೂ ಅದನ್ನೇ. ಕಾಯಿಯ ಮೇಲಿನ ಬೂಸಲು ಫೈಟಾಫ್ತೊರ ಎಂಬ ಜಾತಿಯ ಸೂಕ್ಷ್ಮಜೀವಿ. ಅದರ ಬೀಜಾಣುಗಳು ನೀರ ಹನಿಯಲ್ಲಿ ಈಜಿ ಕಾಯಿಂದ ಕಾಯಿಗೆ ಹರಡುತ್ತವೆ. 1910ರಲ್ಲಿ ಅವರು ಈ ಶೋಧನೆಯನ್ನು ಪ್ರಕಟಿಸಿದರು. ರೈತನ ಅನುಭವಕ್ಕೆ ವಿದ್ವಾಂಸನ ವಿವರಣೆ ಕೂಡಿಬಂದಿತು.

ಮದ್ದಿನ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ಅದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿನ ಬೆಳೆಗಾರರು ರಸ್ತೆಯ ಅಂಚಿನ ಬಳ್ಳಿಗಳಿಗೆ ತಾಮ್ರದ ಲವಣ ಮತ್ತು ಸುಣ್ಣದ ನೀಲಿ ಬಗ್ಗಡವನ್ನು ಎರಚುತ್ತಿದ್ದರು. 1882ರಲ್ಲಿ ಬೂಸಲು ರೋಗ ತಗುಲಿ ತೋಟಗಳು ಎಲೆಯುದುರಿಸಿ ನಿಂತಾಗ, ಆ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದುದನ್ನು ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ದೆ ಕಂಡರು. ರಸಾಯನಶಾಸ್ತ್ರಜ್ಞ ಗೆಯೋಂ ಅವರನ್ನೂ, ದ್ರಾಕ್ಷಾರಸದ ದೊಡ್ಡ ತೋಟಗಳನ್ನು ನೋಡಿಕೊಳ್ಳುತ್ತಿದ್ದ ದಾವಿದ್ ಅವರನ್ನೂ ಜೊತೆಗೂಡಿಸಿಕೊಂಡು ಪರೀಕ್ಷೆ ನಡೆಸಿ, 1885ರಲ್ಲಿ ಫಲಿತಾಂಶವನ್ನು ಲೋಕಕ್ಕೆ ತಿಳಿಸಿದರು. ವಿದ್ಯಾಪೀಠವೂ ವ್ಯವಹಾರವೂ ಕೈಹಿಡಿದರೆ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

ಕೋಲ್ಮನ್ನರು ಈ ಬೋರ್ಡೋ ದ್ರಾವಣವನ್ನೇ ಅಡಕೆಗೆ ಅಳವಡಿಸಿದರು. ಆದರೆ ಬೋರ್ಡೋದ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಹಗಲಿರುಳೆನ್ನದೆ ಹೊಡೆಯುವ ಮುಂಗಾರಿನಲ್ಲಿ ಮದ್ದು ಕಾಯಿಗೆ ಅಂಟಿ ನಿಲ್ಲಬೇಕು. ಅದಕ್ಕಾಗಿ ರಾಳದ ಅಂಟನ್ನು ಬೆರೆಸುವ ಕ್ರಮ ಬಂದಿತು. ಬಂದ ರೋಗವನ್ನು ಈ ಮದ್ದು ವಾಸಿಮಾಡದು, ಬರುವುದನ್ನು ತಡೆಯುತ್ತದೆ. ಆದ್ದರಿಂದ ಮಳೆ ಕೂರುವ ಮುನ್ನವೇ ಸಿಂಪಡಿಸಬೇಕು. ಕಣ್ಣಿಗೆ ಕಾಣದ ರೋಗಕ್ಕೆ ಮುಂಚಿತವಾಗಿ ಹಣ ವ್ಯಯಿಸಿರೆಂದರೆ ಯಾವ ಗೃಹಸ್ಥನಾದರೂ ಹಿಂದೆಮುಂದೆ ನೋಡುವುದು ಸಹಜವೇ. ಬರಹದ ಮಾತು ಅಲ್ಲಿ ಸಾಲದು. ಮದ್ದು ಹೊಡೆದ ಮರವನ್ನೂ ಹೊಡೆಯದ ಮರವನ್ನೂ ಅಕ್ಕಪಕ್ಕದಲ್ಲಿ ಕಣ್ಣಾರೆ ತೋರಿಸಬೇಕು.

ಈ ಅರಿವು ಕೋಲ್ಮನ್ನರ ಮುಂದಿನ ಕಾರ್ಯಕ್ಕೆಲ್ಲ ತಳಹದಿಯಾಯಿತು. 1913ರಲ್ಲಿ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ವಿದ್ವಾಂಸರನ್ನೂ ಬೆಳೆಗಾರರನ್ನೂ ಒಂದೇ ಜಗಲಿಯಲ್ಲಿ ಕೂಡಿಸಲು ಮೈಸೂರು ಕೃಷಿ ಪ್ರಯೋಗ ಸಂಘ ಹುಟ್ಟಿತು. ಇಂಥ ಸಂಘವೊಂದು ಅವರ ತವರಾದ ಒಂಟಾರಿಯೋದಲ್ಲಿ ಮೊದಲೇ ಇದ್ದಿತು. ಕಾಫಿ ಬೆಳೆಗಾರರಿಗಾಗಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಸ್ಥಾಪಿತವಾಯಿತು. ಹೆಬ್ಬಾಳದಲ್ಲಿ ಕಬ್ಬಿನ ಹೊಸ ತಳಿಗಳು ಬೆಳೆದವು; ಕಾಲುವೆಯ ನೀರು ಹರಿದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ತಲೆಯೆತ್ತಿದಾಗ ಅದರ ಹಿಂದೆಯೂ ಕೋಲ್ಮನ್ನರ ಆಸಕ್ತಿಯಿದ್ದಿತು. ಪ್ರಯೋಗದ ಮಡಿ, ರೈತನ ಹೊಲ, ಕಾರ್ಖಾನೆಯ ಗಾಣ ಈ ಮೂರೂ ಒಂದೇ ಸರಪಣಿಯ ಕೊಂಡಿಗಳಾದವು. 1934ರಲ್ಲಿ ಅವರು ಮೈಸೂರಿನ ಸೇವೆಯಿಂದ ನಿವೃತ್ತರಾದರು, 1954ರಲ್ಲಿ ನಿಧನರಾದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಕೋಲ್ಮನ್ನರ ಸೇವೆ ಮೈಸೂರು ಸಂಸ್ಥಾನಕ್ಕೆ ಸಂದುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಅಂದು ಮುಂಬಯಿ ಆಡಳಿತಕ್ಕೆ ಸೇರಿದ್ದವು. 1956ರ ಏಕೀಕರಣವನ್ನು ಕಾಣಲು ಅವರು ಉಳಿಯಲಿಲ್ಲ. ಆದರೆ ಕೊಳೆಗೂ ಗಡಿಯಿಲ್ಲ, ಮದ್ದಿಗೂ ಗಡಿಯಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿ ಬೆಳೆಗೆ ನ್ಯಾಯವಾದ ಪೇಟೆಯನ್ನು ಒದಗಿಸಹೊರಟಿತು. ಆದರೆ ಪೇಟೆಗೆ ಹೋಗಬೇಕಾದ ಅಡಕೆ ಮೊದಲು ಮರದಲ್ಲಿ ಉಳಿಯಬೇಕಷ್ಟೆ. ಇಂದಿಗೂ ಈ ಸೀಮೆಯ ಕೊನೆಗೌಡ ಮಳೆಗಾಲದ ಹೊಸ್ತಿಲಲ್ಲಿ ಮರವೇರಿ ಸಿಂಪಡಿಸುವುದು ಮೈಲುತುತ್ತ ಮತ್ತು ಸುಣ್ಣವನ್ನೇ. ನೂರು ಲೀಟರು ನೀರಿಗೆ ತಲಾ ಒಂದು ಕಿಲೋ.

ಇಂದು ಶಿರಸಿಯಲ್ಲಿಯೇ ಅರಣ್ಯ ಮಹಾವಿದ್ಯಾಲಯವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ಆದರೆ ಮರವೇರುವವರು ವಿರಳರಾಗಿದ್ದಾರೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೆಂಬ ಹೊಸ ಪೀಡೆ ಇದೇ ತೋಟಗಳನ್ನು ಕಾಡುತ್ತಿದೆ. ಶತಮಾನದ ಹಿಂದೆ ಒಬ್ಬ ಪರದೇಶದ ವಿದ್ವಾಂಸ ತೋಟಕ್ಕೆ ಬಂದು, ಕೊಟ್ಟೆ ಕಟ್ಟುವವನ ಅನುಭವವನ್ನೇ ಶಾಸ್ತ್ರಕ್ಕೆ ಮೊದಲ ಮೆಟ್ಟಿಲಾಗಿಸಿಕೊಂಡ. ಇಂದಿನ ವಿದ್ಯಾಮಂದಿರಗಳಿಗೂ ತೋಟಿಗರಿಗೂ ನಡುವಿನ ದಾರಿ ಅಂದಿನಷ್ಟು ದೂರವಿಲ್ಲ. ಆ ದಾರಿಯಲ್ಲಿ ಎರಡು ಕಡೆಯಿಂದಲೂ ನಡೆದು ಬರುವವರು ಬೇಕು, ಅಷ್ಟೆ.