ರಾಬರ್ಟ್ ಸೀವೆಲ್: ಹಂಪೆಯಿಂದ ರೋಮಿನವರೆಗೆ

ರೋಮಾಪುರಿ ಎಂದೊಡನೆ ನಮ್ಮವರಿಗೆ ಪೋಪ್ ಜಗದ್ಗುರುಗಳ ಪೀಠವು ನೆನಪಾಗುವುದು ಸಹಜ. ಅದಕ್ಕಿಂತ ಹಳೆಯದಾದ ಚಕ್ರವರ್ತಿಗಳ ರೋಮಿಗೂ ದಕ್ಷಿಣ ಭಾರತಕ್ಕೂ ಇದ್ದ ವ್ಯವಹಾರವನ್ನು ನಾಣ್ಯಗಳ ಮೂಲಕ ಲೆಕ್ಕ ಹಾಕಿದ ಮಹನೀಯರೊಬ್ಬರನ್ನು ಹೊಸಪೇಟೆ, ಹಂಪೆಯ ಜನರು ಬೇರೊಂದು ಕಾರಣದಿಂದ ಬಲ್ಲರು. ಅವರೇ ರಾಬರ್ಟ್ ಸೀವೆಲ್.

1845ರಲ್ಲಿ ಜನಿಸಿದ ಸೀವೆಲ್ಲರು ಮದರಾಸು ಸಿವಿಲ್ ಸರ್ವಿಸಿಗೆ ಸೇರಿದರು. ಬಳ್ಳಾರಿ ಸೀಮೆಯೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. 1877ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಯಿಸಿದರು. 1882 ಮತ್ತು 1884ರಲ್ಲಿ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಗಳನ್ನು ಪ್ರಕಟಿಸಿದರು. ಶಂಕರ ಬಾಲಕೃಷ್ಣ ದೀಕ್ಷಿತರೊಡನೆ ಕೂಡಿ ರಚಿಸಿದ ಭಾರತೀಯ ಪಂಚಾಂಗದ ಗ್ರಂಥವು 1896ರಲ್ಲಿ ಹೊರಬಂದಿತು. ಶಾಸನಗಳ ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ಹೊಂದಿಸುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಅದರಲ್ಲಿ ಕೈಯಾಡಿಸಿದವರೇ ಬಲ್ಲರು.

ಅವರ ಕೀರ್ತಿಗೆ ಮುಖ್ಯ ಕಾರಣವಾದುದು 1900ರಲ್ಲಿ ಪ್ರಕಟವಾದ ವಿಜಯನಗರದ ಇತಿಹಾಸ. ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜರ ವೃತ್ತಾಂತಗಳನ್ನು ದಾವಿದ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ್ದರು. ಸೀವೆಲ್ಲರು ಅವನ್ನು ಇಂಗ್ಲಿಷಿಗೆ ತಂದು ತಮ್ಮ ಗ್ರಂಥದಲ್ಲಿ ಸೇರಿಸಿದರು. ಗುಡ್ಡದ ಮೇಲಿಂದ ನಗರವನ್ನು ನೋಡಿದ ಪಾಯಸನು, ತನಗೆ ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ಬರೆದಿದ್ದನು. ಕೃಷ್ಣದೇವರಾಯನು ಪೋರ್ಚುಗೀಸ್ ಕಲ್ಲುಕೆಲಸಗಾರ ಜೊವಾಂವ್ ದೆಲ್ಲಾ ಪೊಂತೆಯ ನೆರವಿನಿಂದ ಕೆರೆ ಕಟ್ಟಿಸಿದ ಸಂಗತಿಯನ್ನು ನೂನಿಜನು ತಿಳಿಸುತ್ತಾನೆ. ಹೊಸಪೇಟೆಯ ನೈಋತ್ಯಕ್ಕೆ, ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿರುವ ಭಾರಿ ಏರಿಯೇ ಅದೆಂದು ಸೀವೆಲ್ಲರು ಗುರುತಿಸಿದರು. ಗ್ರಂಥಕ್ಕೆ ಅವರು ಮರೆತುಹೋದ ಸಾಮ್ರಾಜ್ಯವೆಂಬ ಅರ್ಥದ ಹೆಸರಿಟ್ಟರು. ಆನೆಗೊಂದಿ, ಕಂಪ್ಲಿಯವರು ಅದನ್ನು ಎಂದೂ ಮರೆತಿರಲಿಲ್ಲವೆಂದು ನಾವು ಹೇಳಲೇಬೇಕು. ಮರೆತವರು ಹೊರಗಿನ ವಿದ್ವಾಂಸರು.

ಇಷ್ಟಕ್ಕೇ ನಿಲ್ಲದೆ, 1904ರಲ್ಲಿ ಅವರು ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳನ್ನು ಕುರಿತು ದೀರ್ಘ ಲೇಖನವನ್ನು ಪ್ರಕಟಿಸಿದರು. ರೈತನ ನೇಗಿಲಿಗೆ, ರಸ್ತೆ ಕೆಲಸದವರ ಗುದ್ದಲಿಗೆ ಸಿಕ್ಕಿದ ಗಡಿಗೆಗಳಲ್ಲಿ ಯಾವ ಚಕ್ರವರ್ತಿಯ ನಾಣ್ಯಗಳು ಎಷ್ಟೆಂದು ಎಣಿಸಿ, ಅದರಿಂದಲೇ ವ್ಯಾಪಾರದ ಏರಿಳಿತವನ್ನು ಊಹಿಸಿದುದು ಅವರ ವಿಶೇಷ. ಅಗಸ್ಟಸನ ಕಾಲದಲ್ಲಿ ಬೆಳೆಯತೊಡಗಿದ ವ್ಯಾಪಾರವು ಕ್ರಿ.ಶ. 68ರಲ್ಲಿ ಗತಿಸಿದ ನೀರೋವಿನ ವೇಳೆಗೆ ಶಿಖರ ಮುಟ್ಟಿತು, ಬಳಿಕ ಇಳಿಯಿತು, ಕ್ರಿ.ಶ. 217ರಲ್ಲಿ ಮಡಿದ ಕಾರಕಲ್ಲನ ತರುವಾಯ ಬಹುಮಟ್ಟಿಗೆ ನಿಂತೇಹೋಯಿತು, ಬೈಜಾಂಟಿಯಮ್ ಅರಸರ ಕಾಲದಲ್ಲಿ ತುಸು ಚಿಗುರಿತು ಎಂಬುದು ಅವರ ನಿರ್ಣಯ.

ಈ ನಿರ್ಣಯವನ್ನು ಇಂದು ಹಾಗೆಯೇ ಒಪ್ಪಲಾಗದು. ನೀರೋ ಕ್ರಿ.ಶ. 64ರಲ್ಲಿ ನಾಣ್ಯಗಳ ತೂಕವನ್ನು ತಗ್ಗಿಸಿದನು. ಬೆಳ್ಳಿಗೆ ಬೆರಕೆಯನ್ನೂ ಹೆಚ್ಚಿಸಿದನು. ಚಿನ್ನ ಬೆಳ್ಳಿಯನ್ನು ಒರೆಹಚ್ಚಿ ತೂಗಿ ಕೊಳ್ಳುವ ನಮ್ಮ ವರ್ತಕರು ಹಳೆಯ ನಾಣ್ಯಗಳನ್ನೇ ಬಯಸಿದ್ದರೆ ಅದರಲ್ಲಿ ಅಚ್ಚರಿಯೇನು? ನಾಣ್ಯ ಕಡಿಮೆಯಾಯಿತೆಂದರೆ ಹಡಗುಗಳೂ ಕಡಿಮೆಯಾದವೆಂದು ಅರ್ಥವಲ್ಲ. 1985ರಲ್ಲಿ ಪ್ರಕಟವಾದ ಪಪೈರಸ್ ಪತ್ರವೊಂದರಿಂದ, ಎರಡನೆಯ ಶತಮಾನದಲ್ಲಿಯೂ ಕೇರಳದ ಮುಜಿರಿಸ್ ಬಂದರಿನೊಡನೆ ಭಾರಿ ವ್ಯಾಪಾರ ನಡೆಯುತ್ತಿದ್ದುದು ಸ್ಪಷ್ಟವಾಗಿದೆ. ಆದರೂ ವಾದಕ್ಕೆ ತಳಹದಿಯಾದುದು ಸೀವೆಲ್ಲರ ಪಟ್ಟಿಯೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರ ಉತ್ಖನನದಲ್ಲಿ ಟೈಬೀರಿಯಸನ ಬೆಳ್ಳಿಯ ನಾಣ್ಯ ದೊರೆತಾಗ, ಅದನ್ನು ಹೋಲಿಸಿ ನೋಡಲು ಅಂತಹ ಪಟ್ಟಿಗಳು ಸಿದ್ಧವಾಗಿದ್ದವು.

ಸೀವೆಲ್ಲರು 1925ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ದಕ್ಷಿಣ ಭಾರತದ ಶಾಸನಗಳ ಕಾಲಾನುಕ್ರಮಣಿಕೆಯನ್ನು ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು ಸಂಪಾದಿಸಿ 1932ರಲ್ಲಿ ಮದರಾಸಿನಲ್ಲಿ ಹೊರತಂದರು.